ಓದದೆ ಉಳಿದ ಪುಟ

ತುರ್ವಿಹಾಳದ ಬಸ್ಸಿಳಿದು ಬಂದ ತಂಗಿ ಶಿವಕುಮಾರಿ ಇನ್ನೂ ಕೈಚೀಲ ಕೆಳಗಿಟ್ಟಿರಲಿಲ್ಲ. ಮಂಚದ ಮೇಲೆ ಕಾಲು ಚಾಚಿ ಕೂತಿದ್ದ ಅಮರಗುಂಡಪ್ಪ ಕೇಳಿದ:

"ಆ ಪುಸ್ತಕದ ಹೆಸರು ಏನಿತ್ತವ್ವ?"

"ಯಾವ ಪುಸ್ತಕ? ಮೊದಲು ಕಾಲು ಹ್ಯಾಂಗೈತಿ ಹೇಳು."

ಕಾಲು ಮುರಿದದ್ದು ದೀಪಾವಳಿಯ ಮರುವಾರ. ಸಿಂಧನೂರಿನ ತನ್ನ ಗೊಬ್ಬರದ ಅಂಗಡಿಯ ಮೆಟ್ಟಿಲ ಮೇಲೆ ಜಾರಿ ಬಿದ್ದವನಿಗೆ ಡಾಕ್ಟರು ತೊಡೆಯಲ್ಲಿ ರಾಡು ಹಾಕಿ, ಶಿವರಾತ್ರಿ ಕಳೆಯುವ ತನಕ ನೆಲಕ್ಕೆ ಕಾಲೂರಬೇಡಿ ಎಂದಿದ್ದರು. ಅರವತ್ತಾರು ವರ್ಷದಲ್ಲಿ ಹಗಲು ಹೊತ್ತು ಮನೆಯಲ್ಲಿ ಕೂತು ಗೊತ್ತಿಲ್ಲದ ಮನುಷ್ಯ. ಚಳಿ ಬಲಿತಂತೆ ರಾಡು ಒಳಗೇ ಕೊರೆಯುತ್ತಿತ್ತು. ಹದಿನೈದು ದಿನ ಮೊಬೈಲು ನೋಡಿದ, ಹೆಂಡತಿ ಶಿವಬಸಮ್ಮನನ್ನು ಬೈದ, ಅಂಗಡಿಯಲ್ಲಿದ್ದ ಮಗನಿಗೆ ಗಂಟೆಗೊಮ್ಮೆ ಫೋನು ಮಾಡಿದ. ಆಮೇಲೆ ಹೊತ್ತೇ ಹೋಗದಾಯಿತು.

ಮಹಡಿಯಲ್ಲಿ ಬಾಡಿಗೆಗಿದ್ದ ಕಾಲೇಜು ಲೆಕ್ಚರರ್ ಹುಲಿಗೇಶ ಒಂದು ದಿನ ಮಾತಾಡಿಸಲು ಬಂದವನು ಒಂದು ಕಾದಂಬರಿ ಬಿಟ್ಟುಹೋದ. ಪೇಪರು ಬಿಟ್ಟರೆ ಬೇರೇನೂ ಓದದ ಅಮರಗುಂಡಪ್ಪ ಮೊದಲ ದಿನ ನಾಲ್ಕು ಪುಟ ಓದಿದ, ಎರಡನೇ ದಿನ ನಲವತ್ತು. ಸಂಕ್ರಾಂತಿಯ ಹೊತ್ತಿಗೆ ಹನ್ನೊಂದು ಪುಸ್ತಕ ಮುಗಿದಿದ್ದವು. ಒಂದರಲ್ಲಿ ಕುಂಟ ಎತ್ತನ್ನು ಮಾರಲಾರದ ರೈತ, ಇನ್ನೊಂದರಲ್ಲಿ ರೈಲು ಸ್ಟೇಷನ್ನಿನಲ್ಲಿ ಚಹಾ ಮಾರುವ ವಿಧವೆ. ಉಣ್ಣುವಾಗ ಅವರ ಸುದ್ದಿಯನ್ನು ಬೀಗರ ಸುದ್ದಿ ಹೇಳಿದಂತೆ ಹೆಂಡತಿಗೆ ಹೇಳುತ್ತಿದ್ದ. ನೋವು ಇದ್ದೇ ಇತ್ತು, ಓದುವಾಗ ಮರೆಯುತ್ತಿತ್ತು.

ಕಳೆದ ವಾರ ಒಂದು ಕಾದಂಬರಿಯ ಇಪ್ಪತ್ತು ಪುಟ ಉಳಿದಿದ್ದಾಗ ಶಿವಬಸಮ್ಮ ಬಂದು ಅವನ ಕೈಯಿಂದ ಪುಸ್ತಕ ತೆಗೆದುಕೊಂಡಳು. "ಕಾಲಿನ ವ್ಯಾಯಾಮ ಮಾಡಿಸೋರು ಬಂದಾರ. ಆಮ್ಯಾಲೆ ಓದ್ರಿ," ಎಂದು ಅದನ್ನು ಕಪಾಟಿನ ಮೇಲಿಟ್ಟಳು. ವ್ಯಾಯಾಮ ಮುಗಿದ ಮೇಲೆ ಅವಳು ಸಂತೆಗೆ ಹೋದಳು. ಎದ್ದು ತೆಗೆದುಕೊಳ್ಳಲು ಅವನಿಗೆ ಕಾಲಿಲ್ಲ. ಒಂದು ತಾಸು ಪುಸ್ತಕವನ್ನೇ ನೋಡುತ್ತ ಕೂತ. ಹಾಗೆ ಕೂತಾಗ ದಢೇಸುಗೂರಿನ ಹಳೆಯ ಮನೆಯ ಒಲೆ ನೆನಪಾಯಿತು.

ಅಪ್ಪ ತೀರಿಕೊಂಡ ವರ್ಷ ಅದು. ಇಪ್ಪತ್ತೆರಡರ ಅಮರಗುಂಡಪ್ಪನೇ ಮನೆಯ ಯಜಮಾನ. ಹದಿನೈದರ ತಂಗಿಗೆ ಓದು ಸಾಕೆಂದು ಶಾಲೆ ಬಿಡಿಸಿ ಗಂಡು ಹುಡುಕಿದವನೂ ಅವನೇ. ನೋಡಲು ಬಂದವರು ಪಡಸಾಲೆಯಲ್ಲಿ ಕೂತಿದ್ದರು. ಒಳಗೆ ಶಿವಕುಮಾರಿ ಒಲೆಯ ಮುಂದೆ, ಶಾಲೆಯಿಂದ ತಂದಿದ್ದ ಕಾದಂಬರಿಯನ್ನು ತೊಡೆಯ ಮೇಲಿಟ್ಟುಕೊಂಡು ಓದುತ್ತಿದ್ದಳು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಅವನು ಪುಸ್ತಕ ಕಸಿದು ಒಲೆಗೆ ತುರುಕಿದ. ಅವಳು ಅಳಲಿಲ್ಲ. ಸೀದ ರೊಟ್ಟಿ ತೆಗೆದು ಬೇರೆ ರೊಟ್ಟಿ ಹಾಕಿದಳು. ಆ ಉರಿಯಲ್ಲೇ ಅದು ಬೆಂದಿತು. ಬಂದವರು ಉಂಡು, ಒಪ್ಪಿಕೊಂಡು ಹೋದರು.

ಈ ವಾರವೆಲ್ಲ ಅವನು ಹುಲಿಗೇಶನ ಬೆನ್ನು ಬಿದ್ದಿದ್ದ. ಒಲೆಗೆ ಹಾಕಿದ ಆ ಪುಸ್ತಕದ ಹೆಸರು ಗೊತ್ತಿಲ್ಲ, ಬರೆದವರು ಗೊತ್ತಿಲ್ಲ. ನೀಲಿ ರಟ್ಟು, ಸವೆದ ಮೂಲೆ, ನೆನಪಿದ್ದದ್ದು ಅಷ್ಟೇ. ಪಾಪ, ಹುಲಿಗೇಶ ಲಿಂಗಸುಗೂರಿನ ಲೈಬ್ರರಿಯಲ್ಲೂ ವಿಚಾರಿಸಿ ಬಂದ. ಕೊನೆಗೆ ಅಮರಗುಂಡಪ್ಪ ತಂಗಿಗೇ ಫೋನು ಮಾಡಿ ಬಾ ಎಂದಿದ್ದ.

ಅವನು ಇದೆಲ್ಲ ಹೇಳಿ ಮುಗಿಸುವ ತನಕ ಶಿವಕುಮಾರಿ ಚೀಲದಿಂದ ಸಜ್ಜೆ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ತೆಗೆದಿಡುತ್ತಿದ್ದಳು.

"ಹೆಸರು ನನಗೂ ನೆನಪಿಲ್ಲಣ್ಣ."

"ಅಷ್ಟು ಓದ್ತಿದ್ದಿ, ಹೆಸರು ಮರ್ತಿ?"

"ಮದುವಿ ಆದ ಮ್ಯಾಲೆ ಓದಿದ್ದರ ಏನು ಹೇಳು. ನಿನ್ನ ಅಂಗಡಿ ಗೊಬ್ಬರದ ಚೀಲದ ಮ್ಯಾಲಿನ ಅಕ್ಷರ. ಈಗ ಮೊಮ್ಮಗಳ ಪುಸ್ತಕ ಹಿಡಿದ್ರ ಎರಡು ಸಾಲಿಗೇ ನಿದ್ದಿ ಬರ್ತೈತಿ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಅದೇ ಅವನಿಗೆ ಕಷ್ಟವಾಯಿತು.

"ಕತಿಯರ ಹೇಳು. ಏನಿತ್ತು ಅದರಾಗ?"

ಇದಕ್ಕೆ ಅವಳು ತಡ ಮಾಡಲಿಲ್ಲ. "ಹೊಳಿ ದಂಡಿಗೆ ಒಂದು ಊರು. ಅಲ್ಲಿ ಒಬ್ಬಾಕಿ ಹುಡುಗಿಗೆ ಆಚೆ ದಂಡಿ ಊರಾಗ ಟೀಚರ್ ಟ್ರೇನಿಂಗಿಗೆ ಸೀಟು ಸಿಕ್ಕೈತಿ. ಮನ್ಯಾಗ ಯಾರಿಗೂ ಹೇಳದ ಟ್ರಂಕು ಹಿಡ್ಕೊಂಡು ದೋಣಿ ಹತ್ರ ಬಂದು ನಿಂತಾಳ. ಹಿಂದಿಂದ ಯಾರೋ ಆಕಿ ಹೆಸರು ಹಿಡಿದು ಕರ್ಯಾಕತ್ತಾರ."

"ಮುಂದ?"

"ಅಷ್ಟೊತ್ತಿಗೆ ನೀ ಒಳಗ ಬಂದಿ."

ಅಮರಗುಂಡಪ್ಪ ತನ್ನ ಅಂಗೈ ನೋಡಿಕೊಂಡ. "ನಂದು ತಪ್ಪಾತವ್ವ," ಎಂದ. "ಓದೋರ ಕೈಯಾಗಿಂದ ಕಸ್ಕೊಂಡ್ರ ಹ್ಯಾಂಗಿರ್ತೈತಿ ಅಂತ ಆಗ ಗೊತ್ತಿದ್ದಿಲ್ಲ. ಈಗ ಗೊತ್ತಾತು. ಹುಲಿಗೇಶ ಸರ್ ಇನ್ನೂ ಹುಡುಕ್ತೀನಿ ಅಂದಾರ. ಎಲ್ಲಿದ್ರೂ ತರಸ್ತೀನಿ. ನಿನಗ ನಿದ್ದಿ ಬಂದ್ರ ನಾನೇ ಓದಿ ಹೇಳ್ತೀನಿ."

ಶಿವಕುಮಾರಿ ಜಾರಿದ ಕೌದಿಯನ್ನು ಅವನ ಕಾಲ ಮೇಲೆ ಎಳೆದು ಸರಿಮಾಡಿದಳು.

"ಹುಡುಕಬ್ಯಾಡ ಬಿಡಣ್ಣ. ಬರೆದವರು ಆಕೀನ್ನ ಮನಿಗೆ ತಿರುಗಿ ಕಳಿಸಿದ್ರ ನಾ ಏನು ಮಾಡ್ಲಿ? ನಾನು ಆಕೀನ್ನ ದೋಣಿ ಹತ್ತಿಸಿ ಭಾಳ ವರ್ಷ ಆತು. ಕಲತ್ಲು, ನೌಕರಿ ಹತ್ತಿತು, ಹೆಡ್‌ಮೇಡಂ ಆದ್ಲು," ಎಂದಳು, "ಬರೋ ವರ್ಷ ರಿಟೈರ್ ಆಗ್ತಾಳ."