ಎಡಬಾಗಿಲಿನ ಬೆಳ್ಳಿಪಟ್ಟಿ

ಕುಣಿಗಲ್ಲಿನ ಮಹಾಲಿಂಗಯ್ಯನವರ ಬಿಳಿ ಫಿಯಟ್‌ಗೆ ಮತ್ತೆ ಯಾರೋ ಕೈ ಹಾಕಿದ್ದರು. ಎಡಬಾಗಿಲ ಮೇಲಿನ ಕ್ರೋಮ್ ಪಟ್ಟಿ ಒಂದೇ ತಿಂಗಳಲ್ಲಿ ಮೂರನೇ ಸಲ ಕಳಚಿಕೊಂಡು ನೇತಾಡುತ್ತಿತ್ತು. ಅದೂ ಇವತ್ತು! ಮಗಳು ಮೋನಿಕಾಳನ್ನು ನೋಡಲು ಯಡಿಯೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಹನ್ನೊಂದು ಗಂಟೆಗೆ ಇದೇ ಕಾರಿನಲ್ಲಿ ಅವರನ್ನು ಕರೆತರುತ್ತೇನೆಂದು ಮಹಾಲಿಂಗಯ್ಯ ಗತ್ತಿನಿಂದ ಹೇಳಿಬಿಟ್ಟಿದ್ದರು.

ಇದು ಯಾರ ಕಿತಾಪತಿ ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಹಳೇ ಕಾರಿನ ಪಟ್ಟಿ, ಕ್ಲಿಪ್ಪು ಹಾಕಿಕೊಡುವವನು ಸುತ್ತಮುತ್ತ ಒಬ್ಬನೇ, ತುಮಕೂರಿನ ರವಿಕಿರಣ್. ಪಟ್ಟಿ ಕಳಚಿದಾಗಲೆಲ್ಲ ಅವನನ್ನೇ ಕರೆಸಬೇಕು. ಅವನು ಬಂದಾಗಲೆಲ್ಲ ಮೋನಿಕಾ ಕಾಫಿಗೆ ಸಕ್ಕರೆ ಸುರಿಯುತ್ತಿದ್ದಳು. ಅವಳನ್ನು ಮದುವೆಯಾಗುತ್ತೇನೆಂದು ಅವನು ಯುಗಾದಿಗೆ ಕೇಳಿಕೊಂಡು ಬಂದಿದ್ದ. ಅವನ ಅಪ್ಪ ಸದಾಶಿವಯ್ಯ ಗುಬ್ಬಿ ರೈಲ್ವೆ ಸ್ಟೇಷನ್ ಮುಂದೆ ಟ್ಯಾಕ್ಸಿ ಓಡಿಸುತ್ತಾರೆ ಎಂದು ತಿಳಿದದ್ದೇ ತಡ, ಮಹಾಲಿಂಗಯ್ಯ ಎದ್ದು ನಿಂತಿದ್ದರು.

"ಟ್ಯಾಕ್ಸಿ ಓಡ್ಸೋನ ಮನೆಗೆ ಹೆಣ್ಣು ಕೊಡೋ ವಂಶ ಅಲ್ಲ ಕಣಯ್ಯ ನಮ್ದು."

ವಂಶಕ್ಕೆ ಸಾಕ್ಷಿ ಆ ಕಾರು. ನಮ್ಮಪ್ಪನ ಕಾಲದಿಂದ ಮನೆಯಲ್ಲಿದೆ ಎಂದು ಅವರು ಕಂಡವರಿಗೆಲ್ಲ ಹೇಳುತ್ತಿದ್ದರು. ಹೊರಗೆ ಹೊರಟರೆ ಹಿಂದಿನ ಬಾಗಿಲು ತೆರೆದು ಹೆಂಡತಿ ಪುಟ್ಟಗಂಗಮ್ಮನನ್ನು ಮಹಾರಾಣಿಯಂತೆ ಕೂರಿಸುತ್ತಿದ್ದರು. ಮುಂದಿನ ಸೀಟು ಖಾಲಿಯಿದ್ದರೂ ಆಕೆ ಮೂವತ್ತಾರು ವರ್ಷದಿಂದ ಹಿಂದೆಯೇ ಕೂರುತ್ತಿದ್ದರು. ಎಲ್ಲಿಗೇ ಹೋಗಲಿ, ಕಾರು ನಿಂತ ತಕ್ಷಣ ಮಹಾಲಿಂಗಯ್ಯ ಇಷ್ಟು ಕಿಲೋಮೀಟರ್ ಆಯಿತು ಎಂದು ಗಟ್ಟಿಯಾಗಿ ಹೇಳುತ್ತಿದ್ದರು. ವಯಸ್ಸಾದವರ ಖಯಾಲಿ ಎಂದು ಮೋನಿಕಾ ನಗುತ್ತಿದ್ದಳು.

ರವಿಕಿರಣ್ ಒಂಬತ್ತಕ್ಕೆ ಬಂದ. ಇನ್ನೆರಡು ಗಂಟೆಯಲ್ಲಿ ಮೋನಿಕಾ ಬೇರೆಯವರ ಮುಂದೆ ಕೂರಬೇಕು, ಅವರನ್ನು ಕರೆತರುವ ಕಾರನ್ನು ತಾನೇ ಸಿಂಗರಿಸಿ ಕಳಿಸಬೇಕು! ಪಟ್ಟಿ ಕೀಳುತ್ತಿರುವುದು ನೀನೇ ತಾನೇ ಎಂದು ಅವಳಿಗೆ ಮೆಸೇಜು ಹಾಕಿದ. ಉತ್ತರ ಕೂಡಲೇ ಬಂತು: "ನಾನಲ್ಲ ಕಣೋ. ನೀನೇ ಅಂತ ಅನ್ಕೊಂಡಿದ್ದೆ."

ಅವನು ಬಗ್ಗಿ ನೋಡಿದ. ಮಹಾಲಿಂಗಯ್ಯ ಎಂದಿನಂತೆ ಸಂದಿಗೆಲ್ಲ, ಒಳಗೇನೂ ಕಾಣದ ಹಾಗೆ, ಅಗಲವಾದ ಟೇಪು ಮೆತ್ತಿಟ್ಟಿದ್ದರು. ಕಿತ್ತವರು ಮಾತ್ರ ಕೈಪಳಗಿದವರೇ. ಸ್ಕ್ರೂಡ್ರೈವರ್ ಆಗಿದ್ದರೆ ಬಣ್ಣಕ್ಕೆ ಗೀರು ಬೀಳುತ್ತಿತ್ತು. ಇಲ್ಲಿ ಒಂದು ಗೀರೂ ಇಲ್ಲ. ತೆಳ್ಳಗೆ, ಅಗಲವಾಗಿರುವ ಏನನ್ನೋ ತೂರಿಸಿ ಮೆಲ್ಲಗೆ ಎಬ್ಬಿಸಿದ್ದರು. ಅಂಚಿನಲ್ಲಿ ಎಣ್ಣೆಯ ಜಿಡ್ಡಿತ್ತು. ಪಟ್ಟಿ ಹಿಡಿದಿಡುವ ಆರು ಕ್ಲಿಪ್ಪುಗಳಲ್ಲಿ ನಾಲ್ಕು ನಾಪತ್ತೆ. ನೆಲವೆಲ್ಲ ತಡಕಿದರೂ ಸಿಗಲಿಲ್ಲ.

ಪಟ್ಟಿ ಪೂರ್ತಿ ತೆಗೆದು ಹೊಸ ಕ್ಲಿಪ್ ಹಾಕಲೇಬೇಕು ಎಂದ. ಮಹಾಲಿಂಗಯ್ಯನವರ ಮುಖ ಕೆಂಪಾಯಿತು. ತೆಗೆಯುವುದು ಬೇಡ, ಟೇಪಿನ ಮೇಲಿಂದಲೇ ತಟ್ಟು ಎಂದರು. ಹಿಂದಿನ ಎರಡು ಸಲವೂ ಹೀಗೇ ಹೇಳಿದ್ದರು. ನಾಲ್ಕು ವರ್ಷಕ್ಕೊಮ್ಮೆ ಡಿಕ್ಕಿಯ ಒಳಗಿನವರೆಗೂ ಬಣ್ಣ ಹೊಡೆಸುವ ಮನುಷ್ಯ ಪಟ್ಟಿಯನ್ನು ಮಾತ್ರ ಯಾರಿಗೂ ಮುಟ್ಟಲು ಬಿಟ್ಟವರಲ್ಲ.

ಅಡುಗೆಮನೆಯಿಂದ ದೋಸೆಯ ಚುಂಯ್ ಸದ್ದು. ತಿಂಗಳಿಂದ ಆ ಮನೆಯ ದೋಸೆಗಳು ಹರಿದೇ ತಟ್ಟೆಗೆ ಬೀಳುತ್ತಿದ್ದವು. ಹಂಚಿನ ದೋಷ ಎಂದು ಮಹಾಲಿಂಗಯ್ಯ ಹೊಸ ಹಂಚನ್ನೇ ತಂದಿದ್ದರು. ಪ್ರಯೋಜನವಾಗಿರಲಿಲ್ಲ. ಈಗ ಪುಟ್ಟಗಂಗಮ್ಮ ಕಿಟಕಿಯಿಂದ ಇಣುಕಿದರು.

"ತೆಗೆಸ್ರೀ. ಒಳಗೇನೈತೆ ಅಂತ ಹುಡುಗನೂ ನೋಡ್ಲಿ ಬುಡಿ."

"ನೀನ್ ಸುಮ್ಕಿರೇ."

ಯಡಿಯೂರು ದಾರಿಯ ಹಂಪುಗಳಲ್ಲಿ ಪಟ್ಟಿ ಬೀಗರ ಕಾಲಬುಡಕ್ಕೇ ಬೀಳುತ್ತದೆ ಎಂದು ರವಿಕಿರಣ್ ವಿನಯವಾಗಿ ತಿಳಿಸಿದ. ಮಹಾಲಿಂಗಯ್ಯ ಗಡಿಯಾರ ನೋಡಿದರು, ಕಾರು ನೋಡಿದರು, ತಲೆ ಕೆರೆದುಕೊಂಡರು.

"ಸರಿ, ತೆಗಿ. ಆದ್ರೆ ಕಣ್ಣು ಮುಚ್ಕೊಂಡು ತೆಗಿ."

ರವಿಕಿರಣ್‌ಗೆ ನಗು ತಡೆಯಲಾಗಲಿಲ್ಲ. ಕಣ್ಣು ಮುಚ್ಚಿಯೇ ಟೇಪು ಸುಲಿದ. ಕೈಯಾಡಿಸಿ ಉಳಿದೆರಡು ಕ್ಲಿಪ್ಪು ಬಿಡಿಸಿದ. ಟಪ್, ಟಪ್. ಪಟ್ಟಿ ಕೈಗೆ ಬಂತು. ಅಷ್ಟರಲ್ಲಿ ಜಗಲಿಯಲ್ಲಿ ನಿಂತಿದ್ದ ಮೋನಿಕಾ ಕಿಲಕಿಲನೆ ನಕ್ಕದ್ದು ಕೇಳಿ ಕಣ್ಣು ತೆರೆದ.

ಬಿಳಿ ಬಾಗಿಲ ಮಧ್ಯೆ ಎರಡು ಎಳೆ ಬಣ್ಣ. ಮೇಲೆ ಹಳದಿ, ಕೆಳಗೆ ಕಪ್ಪು. ಗುಬ್ಬಿ ಸ್ಟೇಷನ್ ಮುಂದೆ ಬೆಳೆದವನಿಗೆ ಅದು ಯಾವ ಕಾರಿನ ಬಣ್ಣವೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಮಹಾಲಿಂಗಯ್ಯ ಜಗಲಿಯ ಮೇಲೆ ಕುಸಿದು ಕುಳಿತರು. ಪುಟ್ಟಗಂಗಮ್ಮ ಹೊರಗೆ ಬಂದರು. ಮುಖದಲ್ಲಿ ಹದಿನೆಂಟರ ಹುಡುಗಿಯ ಕಳೆ.

"ಚೇಳೂರಿಂದ ದೇವರಾಯನದುರ್ಗಕ್ಕೆ ನಮ್ಮಪ್ಪ ಈ ಟ್ಯಾಕ್ಸಿ ಹಿಡಿದಿದ್ರು," ಎಂದರು. "ದುರ್ಗದಲ್ಲಿ ಅಪ್ಪ ಇಳಿದ್ರು, ನಾನ್ ಇಳೀಲಿಲ್ಲ. ಟ್ಯಾಕ್ಸಿ ಓಡ್ಸೋನಿಗೆ ಹೆಣ್ಣು ಕೊಡಲ್ಲ ಅಂತ ಅವರೂ ಅಂದಿದ್ರು."

ಮಹಾಲಿಂಗಯ್ಯ ಹೆಂಡತಿಯನ್ನೇ ನೋಡಿದರು. ಮೀಸೆ ಅದುರಿತು. ಆಮೇಲೆ ಹೊಟ್ಟೆ ಕುಲುಕಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಯಡಿಯೂರಿಗೆ ಫೋನು ಮಾಡಿ ಈ ಸಂಬಂಧ ನಮಗೆ ಕೂಡಿಬರುವುದಿಲ್ಲ, ಬರುವುದು ಬೇಡ ಎಂದು ಕೈಮುಗಿಯುವ ದನಿಯಲ್ಲಿ ಹೇಳಿದರು. ಸಂಜೆ ನಿಮ್ಮಪ್ಪ ಮನೆಯಲ್ಲಿರುತ್ತಾರಾ ಎಂದು ರವಿಕಿರಣ್‌ನನ್ನು ಕೇಳಿದರು. ಅವನು ಪಟ್ಟಿಯನ್ನು ಮಗುವಿನಂತೆ ತೋಳಲ್ಲಿ ಹಿಡಿದು ನಿಂತೇ ಇದ್ದ. ಮೋನಿಕಾ ಅವನನ್ನು ಒಳಗೆ ಎಳೆದುಕೊಂಡು ಹೋಗಿ ತಟ್ಟೆಯ ಮುಂದೆ ಕೂರಿಸಿದಳು.

ತಟ್ಟೆಗೆ ಹರಿದ ದೋಸೆ ಬಿತ್ತು.

ಪುಟ್ಟಗಂಗಮ್ಮ ದೋಸೆ ಮಗುಚುವ, ತುದಿ ಸೊಟ್ಟಗಾಗಿದ್ದ ಸಟ್ಟುಗವನ್ನು ಬದಿಗಿಟ್ಟು, ಸೆರಗಿನ ಗಂಟು ಬಿಚ್ಚಿ, ಚಟ್ನಿಯ ಪಕ್ಕದಲ್ಲಿ ನಾಲ್ಕು ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸಿದರು.