ಮುಖಪುಟದ ಬಿಸಿಲು

“ಇರೋವೆಲ್ಲಾ ಕೊಡ್ರಿ.”

ಲಿಂಗಸುಗೂರು ಬಸ್ ನಿಲ್ದಾಣದ ಪೇಪರ್ ಅಂಗಡಿಯಲ್ಲಿ ಕನಕರಾಯ ತಲೆಯೆತ್ತಿದ. ಎದುರಿಗೆ ಬಳಗಾನೂರಿನ ಕೂಲಿಯವನು, ಅಂಬಪ್ಪ. ಬಗಲಲ್ಲಿ ಒಂದೇ ಪತ್ರಿಕೆಯ ಪ್ರತಿಗಳ ಕಟ್ಟು. ಸಿಂಧನೂರಿನಲ್ಲಿ ಸಿಕ್ಕಷ್ಟನ್ನೂ ಮಸ್ಕಿಯಲ್ಲಿ ಉಳಿದಷ್ಟನ್ನೂ ಕೊಂಡು ಬಂದಿದ್ದ.

“ಓದಾಕ ಬರ್ತೈತೇನು ಯಜಮಾನ?”

“ಇಲ್ರೀ. ಇದರ ಮ್ಯಾಲ ಫೋಟೋದಾಗ ಇರಾಕಿ ನನ್ನ ಮಗಳು, ಗದ್ದೆಮ್ಮ.”

ತೊಂಬತ್ತಾರರ ಮೇ ತಿಂಗಳ ಸಂಚಿಕೆ. ಬೆಂಗಳೂರಿನ ಫ್ಯಾಷನ್ ಪತ್ರಿಕೆ. ಮುಖಪುಟದಲ್ಲಿ ಕೊಯ್ದ ಭತ್ತದ ಮೇಲೆ ಹುಡುಗಿಯೊಬ್ಬಳು ಕಣ್ಣು ಮುಚ್ಚಿ ಮಲಗಿದ್ದಳು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ. ಕೆದರಿದ ಕೂದಲು. ಅರೆತೆರೆದ ತುಟಿ. ಕೆಳಗೆ ಬರೆದಿತ್ತು: ‘ಕಾದ ಭೂಮಿಯ ಮೇಲೊಂದು ಹಗುರ ನಿದ್ದೆ.’

ಕನಕರಾಯನಿಗೆ ಎಲ್ಲ ತಿಳಿದುಹೋಯಿತು. ಮರ್ಯಾದೆಗೆ ಅಂಜಿದ ಅಪ್ಪ. ಒಂದೂ ಉಳಿಸುವುದಿಲ್ಲ, ಸುಡುತ್ತಾನೆ.

“ಎಷ್ಟಂತ ಮುಚ್ಚಿಡ್ತೀ ಮಾರಾಯ? ಕರ್ನಾಟಕದ ತುಂಬ ಹಂಚ್ಯಾರ.”

ಬಸ್ಸಿಗೆ ಕಾಯುತ್ತ ಅದೇ ಪತ್ರಿಕೆಯನ್ನು ಬಿಟ್ಟಿ ಓದುತ್ತಿದ್ದ ಕಾಲೇಜು ಹುಡುಗಿ ಮಾಸುಂಬಿ ನಡುವೆ ಬಾಯಿ ಹಾಕಿದಳು.

“ಮುಚ್ಚಿಡೋದೇನೈತಿ ಕಾಕಾ? ಇದರಾಗ ಬರದಾರ, ಕಾರು, ಕಾರ್ಖಾನಿ ಹೊಗಿ ಭೂಮಿಗೆ ಕಂಬಳಿ ಹೊಚ್ಚಿದಂಗಾಗಿ ಬಿಸಿ ಏರಾಕತ್ತೈತಂತ. ಪಾಠ ಅಂದ್ರ ನಾವು ಓಡತೇವಿ, ಫ್ಯಾಷನ್ ಅಂದ್ರ ನಿಂದರತೇವಿ. ಅದಕ್ಕ ಬಟ್ಟ್ಯಾಗ ವಿಜ್ಞಾನ ಸುತ್ತಿ ಕೊಟ್ಟಾರ. ಬಿಸಿಲಿಗೆ ತುಂಬುತೋಳಿನ ಹತ್ತಿ ಅಂಗಿ! ನಾಳಿಂದ ನಮ್ಮ ಕಾಲೇಜಿನ್ಯಾಗೂ ಇದ.”

“ಆ ಅಂಗಿ ನಂದವ್ವ,” ಎಂದ ಅಂಬಪ್ಪ. “ಕೊಯ್ಲಿಗೆ ಹೋಗೋ ಹೆಣ್ಮಕ್ಳೆಲ್ಲಾ ಹಾಕ್ಕೋತಾರ.”

ಒಳಗಿನ ಪುಟಗಳ ತುಂಬ ಹೊಸ ಕಾರುಗಳ ಜಾಹೀರಾತು. ಅವುಗಳ ಸಂದಿಯಲ್ಲಿ ಅರ್ಧ ಪುಟ ಭೂಮಿಯ ಚಿಂತೆ.

“ಮಗಳು ಮನ್ಯಾಗ ಅದಾಳೋ, ಆ ಫೋಟೋದವರ ಹಿಂದ ಹೋದಳೋ?” ಕನಕರಾಯ ಕೆಣಕಿದ.

“ಅವತ್ತ ಹೋದಳ್ರೀ.”

“ನಾ ಅಂದಂಗ ಆತು. ಕಡ್ಡಿಪೆಟ್ಟಿಗಿ ಬೇಕೇನು?”

ಅಂಬಪ್ಪ ಅಂಗಡಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ಒಂದೊಂದೇ ಪ್ರತಿ ಎತ್ತಿ ಮುಖಪುಟಕ್ಕೆ ಕಣ್ಣು ಹಚ್ಚಿ ನೋಡಿದ. ಬದಿಗಿಟ್ಟ. ಮತ್ತೊಂದು ಎತ್ತಿದ.

“ಎಲ್ಲಾ ಒಂದ ಅಚ್ಚು ಅದಾವೋ! ಏನ್ ಹುಡುಕ್ತೀ?” ಎಂದ ಕನಕರಾಯ.

“ಹೆಂಗ ಒಂದ ಆಗ್ತಾವ್ರೀ? ಮುಂಜಾನಿಂದ ಆಕಿನ್ನ ಉರಿಬಿಸಿಲಾಗ ನಿಂದ್ರಿಸ್ಯಾರ. ನೀರು ಕುಡಿದ್ರ ತುಟಿ ಒಣಗಿದಂಗ ಕಾಣಂಗಿಲ್ಲ ಅಂತ ಕುಡಿಯಾಕ ಬಿಟ್ಟಿಲ್ಲ. ರೋಲ್ ಮ್ಯಾಲ ರೋಲ್ ಹೊಡದಾರ. ಬ್ಯಾರೆ ಫೋಟೋ ಯಾವುದರ ಮ್ಯಾಲರ ಇರಬೇಕಲ್ಲ.”

ಮಾಸುಂಬಿಯ ಕೈಯಲ್ಲಿದ್ದ ಪ್ರತಿಗೂ ಅವನು ಕೈ ಚಾಚಿದ.

“ಇವೆಲ್ಲಾ ಆಕಿ ಬಿದ್ದು ಸತ್ತ ಮ್ಯಾಲ ಹೊಡದವು ತಂಗಿ, ಗ್ವಾಡಿಗೆ ಹಾಕಾಕ ಕಣ್ಣು ತೆರೆದದ್ದು ಒಂದರ ಬೇಕು.”