ಬಾಯಿಲ್ಲದ ಜೇಬು

"ಪಾಸ್‌ಪೋರ್ಟ್ ತೋರಿಸಿ" ಎಂದು ಬಂದರಿನ ಗೇಟಿನ ಅಧಿಕಾರಿ ಕೈ ಚಾಚಿದ್ದು ಟೈಲರನ ಹೆಂಡತಿಯ ಕಡೆಗೆ. ಅವಳು ಬ್ಯಾಗಿಗೆ ಕೈ ಹಾಕುವಷ್ಟರಲ್ಲಿ ಟೈಲರ್ ಅಡ್ಡ ಬಂದು ನಿಂತ.

"ಅವಳ ಹತ್ರ ಏನೂ ಇಲ್ಲ ಸ್ವಾಮಿ. ಏನಿದ್ರೂ ನನ್ನ ಕೇಳಿ." ಪ್ಯಾಂಟಿನ ಹಿಂಭಾಗವನ್ನು ಪಟಪಟ ಬಡಿದು ತೋರಿಸಿದ. "ಇಬ್ಬರದೂ ಇಲ್ಲಿದೆ."

"ತೆಗೀರಿ ಮತ್ತೆ."

"ಹಾಗೆಲ್ಲ ತೆಗೆಯೋಕಾಗಲ್ಲ. ಹೊಲಿದುಬಿಟ್ಟಿದೀನಿ."

ದಾರದ ಕಂಪನಿಯವರು ಬಹುಮಾನವೆಂದು ಕಳಿಸಿದ ಹಡಗಿನ ಪ್ರವಾಸ ಅದು. ಈ ಬಂದರಿನಲ್ಲಿ ವಾಪಸು ಬರುವಾಗ ಪಾಸ್‌ಪೋರ್ಟ್ ಕೇಳುತ್ತಾರೆ, ಜೋಪಾನವಾಗಿ ಜೊತೆಗಿಟ್ಟುಕೊಳ್ಳಿ ಎಂದು ಹಡಗಿನವರು ಹಿಂದಿನ ದಿನವೇ ಸಾರಿದ್ದರು. "ನನ್ನ ಬ್ಯಾಗಲ್ಲಿ ಇಡ್ತೀನಿ ಕೊಡಿ" ಎಂದಳು ಹೆಂಡತಿ. "ನಿನ್ನ ಬ್ಯಾಗಾ? ಅದರಲ್ಲಿ ಒಂದು ಬಾಚಣಿಗೆ ಹುಡುಕೋಕೆ ಮಧ್ಯಾಹ್ನ ಪೂರ್ತಿ ಬೇಕು!" ಎಂದು ಹೀಯಾಳಿಸಿದ ಟೈಲರ್, ಪ್ಯಾಂಟಿನ ಸೊಂಟಪಟ್ಟಿಗೆ ಒಳಗಡೆಯಿಂದ ಒಂದು ಜೇಬು ಕೂಡಿಸಿ, ಪಾಸ್‌ಪೋರ್ಟ್ ಎರಡನ್ನೂ ಒಳಗಿಟ್ಟು, ಕಳ್ಳನ ಬೆರಳಿರಲಿ ಇರುವೆಯೂ ನುಗ್ಗದ ಹಾಗೆ ನಾಲ್ಕೂ ಕಡೆ ಬಿಗಿದು ಹೊಲಿದಿದ್ದ. ಬಿಚ್ಚೋದೇನು ಮಹಾ, ಜೇಬಲ್ಲಿ ಕತ್ತರಿ ಇದೆಯಲ್ಲ ಎಂದುಕೊಂಡಿದ್ದ. ಆ ಕತ್ತರಿಯನ್ನು ಬೆಳಿಗ್ಗೆ ಊರು ನೋಡಲು ಇಳಿದಾಗ ಇದೇ ಗೇಟಿನಲ್ಲಿ ಕಿತ್ತುಕೊಂಡಿದ್ದರು. ಈಗ ಅದು ಮೇಜಿನ ಮೇಲಿನ ಟ್ರೇಯಲ್ಲಿ, ಯಾರ್ಯಾರದೋ ಚಾಕುಗಳ ನಡುವೆ, ಬಾಯಿ ತೆರೆದುಕೊಂಡು ಬಿದ್ದಿತ್ತು.

"ನನ್ನ ಕತ್ತರಿ ಒಂದು ನಿಮಿಷ ಕೊಡಿ ಸ್ವಾಮಿ."

"ಕೊಡೋ ಹಾಗಿಲ್ಲ. ಹಡಗು ಹತ್ತೋರ ಕೈಗೆ ಚೂಪಾದ ವಸ್ತು ಕೊಟ್ರೆ ನನ್ನ ಕೆಲಸ ಹೋಗುತ್ತೆ."

"ಹಾಗಾದ್ರೆ ನೀವೇ ಕತ್ತರಿಸಿ."

"ಕಂಡೋರ ಪ್ಯಾಂಟ್ ಕತ್ತರಿಸೋಕೆ ನಾನು ಕೆಲಸಕ್ಕೆ ಸೇರಿಲ್ಲ. ಅಲ್ಲಿ ಪರದೆ ಇದೆ, ಹೋಗಿ ಅದೇನು ಮಾಡ್ಕೋತೀರೋ ಮಾಡ್ಕೊಳ್ಳಿ. ಹಡಗಿನ ಏಣಿ ಎತ್ತೋ ಹೊತ್ತಾಯ್ತು."

ಪರದೆ ಮೊಣಕಾಲಿನವರೆಗೆ ಮಾತ್ರ ಇಳಿದಿತ್ತು. ಅದರ ಹಿಂದೆ ಟೈಲರ್ ಪ್ಯಾಂಟು ಬಿಚ್ಚಿ, ಸೊಂಟಪಟ್ಟಿಯನ್ನು ಹಲ್ಲಿಗೆ ಸಿಕ್ಕಿಸಿ ಎಳೆಯತೊಡಗಿದ. ದಾರ ಜಪ್ಪಯ್ಯ ಅನ್ನಲಿಲ್ಲ. ಹಲ್ಲು ನೊಂದರೂ ಅವನಿಗೆ ಒಳಗೊಳಗೇ ಹೆಮ್ಮೆ ಉಕ್ಕಿತು. ಪರದೆಯ ಅಂಚಿನಿಂದ ತಲೆ ಹೊರಗೆ ಹಾಕಿ, "ನೋಡಿ ಸ್ವಾಮಿ, ಹೊಲಿಗೆ ಅಂದ್ರೆ ಇದು! ಇಂಥ ಕೈ ಬೇರೆ ಯಾರಿಗಿದೆ?" ಎಂದ. ಅಷ್ಟರಲ್ಲಿ ಹಡಗು ಒಮ್ಮೆ ಭೋರೆಂದು ಕೂಗಿತು. ಟೈಲರ್ ಗಕ್ಕನೆ ತಿರುಗಿದ. ಹೆಂಡತಿಯನ್ನು ನೋಡಿದರೆ, ಅವಳು ಬೆಂಚಿನ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದಾಳೆ. ಒಂದು ತೊಳೆ ಅಧಿಕಾರಿಗೂ ಕೊಟ್ಟಳು.

"ಹಡಗು ಹೊರಟುಹೋದ್ರೆ ಈ ಊರಲ್ಲಿ ನಾಯಿಯೂ ನಮ್ಮನ್ನ ಮೂಸಲ್ಲ! ನಿನಗೆ ಒಂಚೂರೂ ಗಾಬರಿ ಇಲ್ವೇನೆ?"

"ಅದನ್ನೂ ನೀವೇ ವಹಿಸ್ಕೊಂಡಿದೀರಲ್ಲ ರೀ."

ಟೈಲರನಿಗೆ ಪಿತ್ತ ನೆತ್ತಿಗೇರಿತು. ಕಾಲಿನಲ್ಲಿ ಪ್ಯಾಂಟನ್ನು ಮೆಟ್ಟಿ, ಸೊಂಟಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದ. ದಾರ ಆಗಲೂ ಹರಿಯಲಿಲ್ಲ, ಬಟ್ಟೆಯೇ ಪರ್ರೆಂದಿತು. ಹುಕ್ಕು ಹಾರಿತು, ಗುಂಡಿ ಹಾರಿತು, ಜೇಬಿನೊಳಗಿಂದ ಎರಡು ತುಂಡುಗಳು ನೆಲಕ್ಕೆ ಬಿದ್ದವು. ಎತ್ತಿಕೊಂಡು ನೋಡಿದರೆ ಪಾಸ್‌ಪೋರ್ಟಲ್ಲ. ಕಾಲರಿಗೆ ಹಾಕುವ ಗಟ್ಟಿ ಬಟ್ಟೆಯನ್ನು ಪಾಸ್‌ಪೋರ್ಟಿನ ಅಳತೆಗೆ ಕತ್ತರಿಸಿ ಮಡಿಚಿಟ್ಟಿದ್ದರು.

"ಕಳ್ಳ! ಕಳ್ಳ!" ಎಂದು ಟೈಲರ್ ಬರಿಗಾಲಲ್ಲಿ ಕುಣಿದ. "ಪಾಸ್‌ಪೋರ್ಟ್ ಕದ್ದು ಮತ್ತೆ ಹೊಲಿದಿಟ್ಟು ಹೋಗಿದಾನೆ!"

"ಅಷ್ಟು ಪುರುಸೊತ್ತಿರೋ ಕಳ್ಳನ್ನ ನಾನು ನೋಡಿಲ್ಲ" ಎಂದ ಅಧಿಕಾರಿ.

ಹೆಂಡತಿ ಕಿತ್ತಳೆ ಸಿಪ್ಪೆಯನ್ನು ಬುಟ್ಟಿಗೆ ಹಾಕಿ, ಕೈ ಒರೆಸಿಕೊಂಡು, ಬ್ಯಾಗಿನಿಂದ ಪಾಸ್‌ಪೋರ್ಟ್ ಎರಡನ್ನೂ ತೆಗೆದು ಮೇಜಿನ ಮೇಲಿಟ್ಟಳು. ಅಧಿಕಾರಿ ಫೋಟೊ ನೋಡಿದ, ಪರದೆಯ ಅಂಚಿನಿಂದ ಇಣುಕುತ್ತಿದ್ದ ಮುಖವನ್ನೂ ನೋಡಿದ, ನಗು ನುಂಗಿಕೊಂಡು ಮುದ್ರೆ ಒತ್ತಿದ. ಟೈಲರನ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು.

"ಯಾವಾಗ ತೆಗೆದೆ?"

"ನೀವು ಸ್ನಾನಕ್ಕೆ ಹೋಗಿದ್ರಲ್ಲ, ಆವಾಗ."

"ಹೊಲಿಗೆ ನನ್ನದೇ ಥರ ಇತ್ತಲ್ಲೇ!"

"ಅಂಗಡೀಲಿ ಕೈಹೊಲಿಗೆ ಎಲ್ಲಾ ಯಾರು ಹಾಕೋದು ಅಂದ್ಕೊಂಡಿದೀರಿ? ಮಿಷನ್ನಾ?"

"ಇಷ್ಟು ಹೊತ್ತು ಬಾಯಲ್ಲೇನು ಇಟ್ಕೊಂಡಿದ್ದೆ? ಮೊದಲೇ ಹೇಳೋಕಾಗಲ್ವಾ?"

"ನನ್ನ ಹತ್ರ ಏನೂ ಇಲ್ಲ ಅಂತ ನೀವೇ ಅಧಿಕಾರಿಗೆ ಹೇಳಿದ್ರಿ. ಯಜಮಾನರ ಮಾತು ಸುಳ್ಳು ಮಾಡೋಕಾಗುತ್ತಾ?"

ಹಡಗು ಮತ್ತೆ ಕೂಗಿತು. ಇಬ್ಬರೂ ಓಡಿದರು. ಹುಕ್ಕು ಗುಂಡಿ ಎರಡೂ ಇಲ್ಲದ ಪ್ಯಾಂಟನ್ನು ಏರಿಸಿ, ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಟೈಲರ್ ಹಿಂದೆ. ಬ್ಯಾಗನ್ನು ಕಂಕುಳಲ್ಲಿ ಅವುಚಿಕೊಂಡು ಹೆಂಡತಿ ಮುಂದೆ. ಏಣಿಯ ನಡುವೆ ಅವನಿಗೆ ಪೌರುಷ ಮರಳಿತು. ಒಂದು ಕೈ ಬಿಟ್ಟು ಮುಂದೆ ಚಾಚಿದ.

"ಏ, ಆ ಪಾಸ್‌ಪೋರ್ಟ್ ಎರಡೂ ಇತ್ತ ಕೊಡು. ನಾನೇ ಇಟ್ಕೋತೀನಿ."

ಅವಳು ತಿರುಗಿ, ಮೊದಲು ಅವನ ಮುಖ, ಆಮೇಲೆ ಸೊಂಟ ನೋಡಿದಳು.

"ಕೈ ಬಿಡಬೇಡಿ ರೀ, ಮೇಲೆ ಜನ ನಿಂತಿದಾರೆ. ನಿಮ್ಮ ಕೈಲಿರೋದನ್ನ ನೀವು ಸರಿಯಾಗಿ ಹಿಡ್ಕೊಳ್ಳಿ, ಇದನ್ನ ನಾನು ನೋಡ್ಕೋತೀನಿ."